ಒಂದೂವರೆ ಮೀಟರ್ ಬಟ್ಟೆಯ ಲೆಕ್ಕ

ಇದು ಹೊಲಿಗೆಯ ಬಗ್ಗೆ ಬರೆದ ಲೇಖನ. ಬರೆದವಳು ವಾಣಿಜ್ಯ ವಿಭಾಗದವಳಾದ್ದರಿಂದ ನಡುನಡುವೆ ಲೆಕ್ಕ ಬರುತ್ತದೆ. ಲೆಕ್ಕ ಬೇಡದವರು ಅಷ್ಟನ್ನು ದಾಟಿ ಓದಬಹುದು. ಆದರೆ ಮನೆಯಲ್ಲಿ ಅಮ್ಮಿ, ಖಾಲಾ, ಅಕ್ಕ ಯಾರಾದರೂ ಮಷಿನ್ ತುಳಿಯುವವರಿದ್ದರೆ ದಾಟಬೇಡಿ.

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ನಾನು ಮೊದಲ ಬಾರಿಗೆ ಒಂದು ಉಡುಪು ಹೊಲಿದೆ. ಒಂಬತ್ತು ವರ್ಷದ ನನ್ನ ತಮ್ಮನಿಗೆ ಬಕ್ರೀದ್ ಹಬ್ಬಕ್ಕೆ ಒಂದು ಬಿಳಿ ಕುರ್ತಾ. ನಮ್ಮ ಮನೆ ಕಲಬುರಗಿಯಲ್ಲಿ. ಕಲಿಸಿದ ಖಾಲಾ ಇರುವುದು ಕಮಲಾಪುರದಲ್ಲಿ, ಹುಮನಾಬಾದ್ ರಸ್ತೆಯಲ್ಲಿ ಬಸ್ಸಿಗೆ ಸುಮಾರು ಒಂದು ಗಂಟೆ. ಅವರು ಮನೆಯಲ್ಲೇ ಜಂಪರ್, ಸಲ್ವಾರ್, ಶಾಲೆಯ ಅಂಗಿ ಹೊಲಿದುಕೊಡುತ್ತಾರೆ. ನನಗೆ ಸಲ್ವಾರ್ ಸೂಟ್ ಹೊಲಿಯುವ ಆಸೆಯಿತ್ತು. ಖಾಲಾ ಒಪ್ಪಲಿಲ್ಲ. "ಮೊದಲು ಹುಡುಗರ ಸೀದಾ ಕುರ್ತಾ, ಆಮೇಲೆ ಸಲ್ವಾರ್, ಎಲ್ಲಕ್ಕಿಂತ ಕೊನೆಗೆ ಜಂಪರ್" ಎಂಬುದು ಅವರ ಕ್ರಮ. ಕಾರಣ ಕತ್ತರಿಸುವಾಗ ತಿಳಿಯಿತು. ಸೀದಾ ಕುರ್ತಾದಲ್ಲಿ ಎಲ್ಲವೂ ಆಯತ ಮತ್ತು ಚೌಕ. ಬಾಗಿದ ಗೆರೆ ಒಂದೇ ಒಂದು, ಅದು ಕೊರಳು.

ಬಟ್ಟೆಯನ್ನು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ತೆಗೆದುಕೊಂಡೆವು. 36 ಅಂಗುಲ ಪನ್ನಾ ಇರುವ ಹತ್ತಿಬಟ್ಟೆ, ಮೀಟರಿಗೆ 120 ರೂಪಾಯಿ, ಒಂದೂವರೆ ಮೀಟರ್. ಇಲ್ಲೇ ಒಂದು ವಿಚಿತ್ರ ಗಮನಿಸಿ. ಬಟ್ಟೆ ಕೊಳ್ಳುವುದು ಮೀಟರಿನಲ್ಲಿ, ಮೈ ಅಳೆಯುವುದು ಅಂಗುಲದಲ್ಲಿ. ನಮ್ಮ ನಾನಿಮಾ ಇವೆರಡನ್ನೂ ಬಿಟ್ಟು ಗಿರಹ ಎನ್ನುತ್ತಾರೆ. ಹಿಂದಿನ ಲೆಕ್ಕದಲ್ಲಿ 16 ಗಿರಹಕ್ಕೆ ಒಂದು ಗಜ, ಒಂದು ಗಜಕ್ಕೆ 36 ಅಂಗುಲ. ಅಂದರೆ ಒಂದು ಗಿರಹ ಎರಡೂಕಾಲು ಅಂಗುಲ. ತಮ್ಮನ ಎದೆ ಸುತ್ತಳತೆ 26 ಅಂಗುಲ ಎಂದರೆ ನಾನಿಮಾ ಒಂದು ಕ್ಷಣ ಕಣ್ಣು ಮುಚ್ಚಿ "ಸಾಡೇ ಗ್ಯಾರಾ ಗಿರಹ" ಎಂದರು. ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ, 11.56 ಬಂತು. ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ನಮ್ಮ ಮನೆಯಲ್ಲಿ ಅದು ಇನ್ನೂ ಪೂರ್ತಿ ಜಾರಿಯಾಗಿಲ್ಲ.

ತಂದ ಬಟ್ಟೆಯನ್ನು ತಕ್ಷಣ ಕತ್ತರಿಸಬಾರದು. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ನಮ್ಮ 59 ಅಂಗುಲದ ಬಟ್ಟೆ ಒಣಗಿದ ಮೇಲೆ 57 ಅಂಗುಲ ಆಯಿತು. ಆ ಎರಡು ಅಂಗುಲ ಹೊಲಿದ ಮೇಲೆ ಕುಗ್ಗಿದ್ದರೆ ಕುರ್ತಾ ಹಬ್ಬಕ್ಕೆ ಸರಿಹೋಗಿ, ಮೊದಲ ಒಗೆತಕ್ಕೆ ಗಿಡ್ಡವಾಗುತ್ತಿತ್ತು. ಇನ್ನೊಂದು ವಿಷಯ ಹಾಸು ಮತ್ತು ಹೊಕ್ಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟಿದ ನೂಲು ಹಾಸು, ಅಡ್ಡಡ್ಡ ಓಡಿದ್ದು ಹೊಕ್ಕು. ಹಾಸಿನ ಕಡೆ ಬಟ್ಟೆಯನ್ನು ಎಳೆದರೆ ಜಗ್ಗುವುದಿಲ್ಲ, ಹೊಕ್ಕಿನ ಕಡೆ ಸ್ವಲ್ಪ ಜಗ್ಗುತ್ತದೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ರಬ್ಬರಿನಂತೆ ಬರುತ್ತದೆ. ಈ ಓರೆಗೆ ದರ್ಜಿಗಳು ಉರೇಬ್ ಎನ್ನುತ್ತಾರೆ. ಕುರ್ತಾದ ಉದ್ದ ಯಾವಾಗಲೂ ಹಾಸಿನ ಕಡೆಗೇ ಇರಬೇಕು, ಇಲ್ಲದಿದ್ದರೆ ಒಂದೆರಡು ಒಗೆತದಲ್ಲಿ ಅಂಚು ಜೋಲುತ್ತದೆ. ಕೊರಳಿನ ಒಳಪಟ್ಟಿ ಮಾತ್ರ ಉರೇಬ್‌ನಲ್ಲಿ ಕತ್ತರಿಸಬೇಕು, ಏಕೆಂದರೆ ಅದು ಬಾಗಬೇಕು.

ಅಳತೆ ಬರೆದುಕೊಳ್ಳುವ ಪುಸ್ತಕ ಖಾಲಾ ಅವರದೇ ಒಂದು ಲೆಡ್ಜರ್. ಗಿರಾಕಿಯ ಹೆಸರು, ಕೆಳಗೆ ಉರ್ದು ಅಕ್ಷರಗಳು, ಪಕ್ಕದಲ್ಲಿ ಅಂಕಿ. ಲಾಮ್ ಎಂದರೆ ಲಂಬಾಯಿ, ಉದ್ದ. ಸೀನ್ ಎಂದರೆ ಸೀನಾ, ಎದೆ. ಗಾಫ್ ಎಂದರೆ ಗಲಾ, ಕೊರಳು. ಒಂದು ಪುಟಕ್ಕೆ ಎಂಟು ಗಿರಾಕಿ. ಕಮಲಾಪುರದಲ್ಲಿ ಅವರ ಗಿರಾಕಿಗಳು ಹೆಚ್ಚಿನವರು ಕನ್ನಡ ಮಾತಾಡುವವರು, ಸುತ್ತಲಿನ ತಾಂಡಾಗಳಿಂದ ಲಂಬಾಣಿ ಹೆಂಗಸರೂ ಬರುತ್ತಾರೆ. ಅವರೆಲ್ಲರ ಅಳತೆಯೂ ಈ ಬಲದಿಂದ ಎಡಕ್ಕೆ ಓದುವ ಪುಸ್ತಕದಲ್ಲಿದೆ.

ಈಗ ಕತ್ತರಿ. ಇದಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದು, ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು.

ಎದೆ 26 ಅಂಗುಲ. ಅದರ ಕಾಲು ಭಾಗ ಆರೂವರೆ. ಉಸಿರಾಡಲು, ಓಡಲು, ನಮಾಜಿನಲ್ಲಿ ಬಾಗಲು ಸಡಿಲ ಬೇಕು, ಅದಕ್ಕೆ ಒಂದೂವರೆ. ಹೊಲಿಗೆಯೊಳಗೆ ಹೋಗುವುದಕ್ಕೆ ಅರ್ಧ. ಒಟ್ಟು ಎಂಟೂವರೆ. ಬಟ್ಟೆಯನ್ನು ಉದ್ದಕ್ಕೆ ಮಡಚಿ, ಮಡಿಕೆಯಿಂದ ಎಂಟೂವರೆ ಅಂಗುಲಕ್ಕೆ ಗುರುತು ಹಾಕಿದರೆ ಬಿಚ್ಚಿದಾಗ 17 ಅಂಗುಲದ ಒಂದು ಭಾಗ ಸಿಗುತ್ತದೆ. ಮುಂಭಾಗ 17, ಹಿಂಭಾಗ 17, ಒಟ್ಟು 34. ಪನ್ನಾ 36. ಉಳಿದ ಎರಡು ಅಂಗುಲದ ಪಟ್ಟಿ ಎದೆಯ ಮೇಲಿನ ಗುಂಡಿಪಟ್ಟಿಗೆ ಸರಿಯಾಯಿತು. ಉದ್ದ 28, ಭುಜದ ಹೊಲಿಗೆಗೆ ಅರ್ಧ, ಕೆಳಗೆ ಮಡಚಲು ಒಂದೂವರೆ, ಅಂದರೆ 30. ತೋಳಿಗೆ ಹದಿನಾರೂವರೆ. ಎಲ್ಲ ಸೇರಿ ನಲವತ್ತಾರೂವರೆ ಅಂಗುಲದಲ್ಲಿ ಕುರ್ತಾದ ದೊಡ್ಡ ತುಂಡುಗಳು ಮುಗಿದವು. ಉಳಿದ ಹತ್ತೂವರೆ ಅಂಗುಲದಲ್ಲಿ ಜೇಬು, ಕೊರಳಪಟ್ಟಿ ಮತ್ತು ಎರಡು ಚೌಬಗಲಾ.

ಚೌಬಗಲಾ ನನಗೆ ತುಂಬ ಹಿಡಿಸಿತು. ಕಂಕುಳಿನಲ್ಲಿ ತೋಳು ಮತ್ತು ಮೈ ಸೇರುವ ಕಡೆ ಇಡುವ ನಾಲ್ಕು ಅಂಗುಲದ ಚೌಕ ಅದು. ಈಗಿನ ಅಂಗಿಗಳಲ್ಲಿ ಆ ಜಾಗವನ್ನು ಬಾಗಿಸಿ ಕತ್ತರಿಸುತ್ತಾರೆ, ಆಗ ಬಟ್ಟೆಯ ಚೂರುಗಳು ವ್ಯರ್ಥವಾಗುತ್ತವೆ. ಹಳೆಯ ಕುರ್ತಾದಲ್ಲಿ ಬಾಗು ಇಲ್ಲ, ಬದಲಿಗೆ ಈ ಚೌಕವನ್ನು ಮೂಲೆಯಾಗಿ ತಿರುಗಿಸಿ ಹೊಲಿಯುತ್ತಾರೆ. ಆಗ ಅದು ಉರೇಬ್‌ನಲ್ಲಿ ಜಗ್ಗುತ್ತದೆ, ಕೈ ಮೇಲೆತ್ತಿದರೆ ಕುರ್ತಾ ಮೇಲೇಳುವುದಿಲ್ಲ. ಬಟ್ಟೆ ಕೈಮಗ್ಗದಿಂದ ಬರುತ್ತಿದ್ದ ಕಾಲದಲ್ಲಿ ಅಂಗುಲ ಅಂಗುಲಕ್ಕೂ ಬೆಲೆ ಇತ್ತು. ಆ ಮಿತವ್ಯಯದ ಲೆಕ್ಕ ಈ ವಿನ್ಯಾಸದಲ್ಲಿ ಉಳಿದುಕೊಂಡಿದೆ.

ಕತ್ತರಿ ಹಿಡಿಯುವ ಮೊದಲು ಎಲ್ಲವನ್ನೂ ಹಳೆಯ ಪತ್ರಿಕೆಯ ಮೇಲೆ ಒಮ್ಮೆ ಕತ್ತರಿಸಿದೆ. ಬಟ್ಟೆಗೆ ಬಂದಾಗ ಖಾಲಾ ಹೇಳಿದ ನಿಯಮ ಎರಡೇ. ಕತ್ತರಿಯ ಕೆಳಗಿನ ಅಲಗು ನೆಲ ಬಿಟ್ಟು ಏಳಬಾರದು. ಕೊರಳನ್ನು ಗುರುತಿಗಿಂತ ಚಿಕ್ಕದಾಗಿಯೇ ಕತ್ತರಿಸಬೇಕು. "ಕೊರಳು ಚಿಕ್ಕದಾದರೆ ದೊಡ್ಡದು ಮಾಡಬಹುದು ಬೇಟಾ. ದೊಡ್ಡದಾದರೆ ದರ್ಜಿ ಊರು ಬಿಡಬೇಕು."

ಪದಗಳ ಬಗ್ಗೆಯೂ ಒಂದು ಮಾತು. ಗುರುತು ಹಾಕುವ ಸುಣ್ಣದ ತುಂಡು ಚಾಕ್. ಕುರ್ತಾದ ಎರಡು ಪಕ್ಕದಲ್ಲಿ ಬಿಡುವ ಸೀಳು ಕೂಡ ಚಾಕ್. ಮೊದಲನೆಯದು ಇಂಗ್ಲಿಷಿನಿಂದ ಬಂದದ್ದು, ಎರಡನೆಯದು ಫಾರಸಿಯಿಂದ. "ಚಾಕ್ ಎಲ್ಲಿ?" ಎಂದು ಖಾಲಾ ಕೇಳಿದಾಗಲೆಲ್ಲ ನಾನು ಎರಡನ್ನೂ ಹುಡುಕುತ್ತಿದ್ದೆ. ದರ್ಜಿ ಎಂಬುದೂ ಫಾರಸಿ ಮಾತು. ನಮ್ಮ ಭಾಗದಲ್ಲಿ ಹೊಲಿಗೆ ಕಸುಬಿನ ಸಮುದಾಯಕ್ಕೆ ಸಿಂಪಿಗರು ಎನ್ನುತ್ತಾರೆ. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರಿದ್ದರು, ಕಸುಬು ಅವರ ಹೆಸರಿನಲ್ಲೇ ಇದೆ. ಇನ್ನು ನಾನಿಮಾ ಅವರ ಪ್ರಕಾರ ಮೊದಲು ಸೂಜಿ ಹಿಡಿದವರು ಹಜ್ರತ್ ಇದ್ರೀಸ್ ಅಲೈಹಿಸ್ಸಲಾಂ. ಹಳೆಯ ದರ್ಜಿಗಳೆಲ್ಲ ಹಾಗೆಯೇ ನಂಬುತ್ತಾರೆ.

ಮಷಿನ್ ಮೇಲೆ ಮೊದಲ ದಿನ ದಾರವೇ ಇಲ್ಲ. ಗೆರೆ ಇರುವ ಹಾಳೆಯನ್ನು ಸೂಜಿಯ ಕೆಳಗಿಟ್ಟು ಗೆರೆಯ ಮೇಲೆಯೇ ರಂಧ್ರ ಬೀಳುವಂತೆ ತುಳಿಯಬೇಕು. ನನ್ನ ಹಳೆಯ ಲೆಕ್ಕಶಾಸ್ತ್ರದ ನೋಟ್‌ಬುಕ್ ಅದಕ್ಕೆ ಒದಗಿತು. ಖತಾವಣಿಯ ಡೆಬಿಟ್ ಕಡೆಗೂ ಕ್ರೆಡಿಟ್ ಕಡೆಗೂ ನಡುವಿನ ಜೋಡಿಗೆರೆ ಅಭ್ಯಾಸಕ್ಕೆ ಬಹಳ ಒಳ್ಳೆಯದು.

ಮಷಿನ್ ಹೊಲಿಗೆ ಕೈಹೊಲಿಗೆಯ ನಕಲು ಅಲ್ಲ. ಕೈಯಲ್ಲಿ ಒಂದೇ ದಾರ ಬಟ್ಟೆಯ ಮೇಲೆ ಕೆಳಗೆ ಹೋಗಿ ಬರುತ್ತದೆ. ಮಷಿನ್‌ನಲ್ಲಿ ದಾರ ಎರಡು. ಮೇಲಿನದು ಸೂಜಿಯ ತುದಿಯ ಕಣ್ಣಿನಲ್ಲಿ ಇಳಿಯುತ್ತದೆ, ಕೆಳಗಿನದು ಬಾಬಿನ್‌ನಿಂದ ಬರುತ್ತದೆ, ಎರಡೂ ಬಟ್ಟೆಯ ನಡುವೆ ಕೊಂಡಿ ಹಾಕಿಕೊಳ್ಳುತ್ತವೆ. ಬಟ್ಟೆಯ ಕೆಳಗಡೆ ದಾರ ಗುಂಗುರು ಗುಂಗುರಾಗಿ ಕಂಡರೆ ಮೇಲಿನ ದಾರ ಸಡಿಲವಾಗಿದೆ ಎಂದರ್ಥ, ಬಾಬಿನ್ ಬಿಚ್ಚುವ ಅಗತ್ಯವಿಲ್ಲ. ಈ ಎರಡು ದಾರದ ಹೊಲಿಗೆಗೆ ಅಮೆರಿಕದ ಇಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಆದರೆ ವಾಣಿಜ್ಯ ವಿದ್ಯಾರ್ಥಿಗಳು ನೆನಪಿಡಬೇಕಾದ ವರ್ಷ 1856. ಆ ವರ್ಷ ಸಿಂಗರ್ ಕಂಪನಿ ಮಷಿನ್‌ಗಳನ್ನು ಕಂತಿನ ಮೇಲೆ ಮಾರಲು ಶುರುಮಾಡಿತು. ಒಮ್ಮೆಲೇ ಅಷ್ಟು ಹಣ ಕೊಡಲಾಗದ ಮನೆಗಳಿಗೂ ಮಷಿನ್ ಹೋಯಿತು. ಇಂದು ಮೊಬೈಲ್ ಅಂಗಡಿಯಲ್ಲಿ ನಾವು ನೋಡುವ ಕಂತಿನ ವ್ಯಾಪಾರಕ್ಕೆ ಹೊಲಿಗೆ ಮಷಿನ್ ಒಂದು ರೀತಿಯಲ್ಲಿ ಹಿರಿಯಣ್ಣ.

ಹೊಲಿಯುವ ಕ್ರಮವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಟ್ಟೆ ಚಪ್ಪಟೆಯಾಗಿರುವಾಗಲೇ ಆಗುವ ಕೆಲಸ ಮೊದಲು: ಗುಂಡಿಪಟ್ಟಿ, ಜೇಬು, ಭುಜ, ಕೊರಳು. ಆಮೇಲೆ ತೋಳಿಗೆ ಚೌಬಗಲಾ, ಅದನ್ನು ಮೈಗೆ. ಕೊನೆಗೆ ತೋಳಿನ ತುದಿಯಿಂದ ಚಾಕ್‌ವರೆಗೆ ಪಕ್ಕದ ಉದ್ದ ಹೊಲಿಗೆ. ಪ್ರತಿ ಹೊಲಿಗೆ ಆದ ಕೂಡಲೇ ಇಸ್ತ್ರಿ. ಕೆಳಗಿನ ಅಂಚಿಗೆ ಕೈಯಿಂದ ತುರಪಾಯಿ, ಅದನ್ನು ನಾನಿಮಾ ಪಕ್ಕದಲ್ಲಿ ಕೂತು ಕಲಿಸಿದರು. ಕನ್ನಡಕ ಹಾಕಿಕೊಂಡೂ ಅವರಿಗೆ ಸೂಜಿಗೆ ದಾರ ಪೋಣಿಸಲಾಗದು. ಪೋಣಿಸಿ ಕೊಟ್ಟರೆ ಸಾಕು, ಹೊಲಿಗೆ ನನ್ನದಕ್ಕಿಂತ ಸಣ್ಣದು.

ಇನ್ನು ಖರ್ಚು. ಬಿ.ಕಾಂ. ಓದುತ್ತಿರುವ ನಮ್ಮ ಆಪಾ ವೆಚ್ಚಪಟ್ಟಿ ಮಾಡುವುದನ್ನು ತೋರಿಸಿಕೊಟ್ಟರು. ಬಟ್ಟೆ 180 ರೂಪಾಯಿ, ದಾರ 5, ಗುಂಡಿ ಮೂರಕ್ಕೆ 6, ಬಕ್ರಂ 3. ಸಾಮಗ್ರಿ ಒಟ್ಟು 194. ಬಸ್ಸು ಸೊನ್ನೆ, ಏಕೆಂದರೆ ಶಕ್ತಿ ಯೋಜನೆ. ಮಷಿನ್‌ಗೆ ಸವಕಳಿ ಹಾಕಬೇಕು. ಖಾಲಾ ಅದನ್ನು 7,200 ರೂಪಾಯಿಗೆ ಕೊಂಡಿದ್ದರು. ಹತ್ತು ವರ್ಷ ಬಾಳಿ ಕೊನೆಗೆ 1,200ಕ್ಕೆ ಹೋಗುತ್ತದೆ ಎಂದುಕೊಂಡರೆ, ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ 600. ವರ್ಷಕ್ಕೆ 300 ದಿನ ಕೆಲಸ ಎಂದರೆ ದಿನಕ್ಕೆ ಎರಡು ರೂಪಾಯಿ. ನಾನು ಎರಡು ದಿನ ತೆಗೆದುಕೊಂಡೆ, 4 ರೂಪಾಯಿ. ಎಣ್ಣೆ, ಸೂಜಿಗೆ 2. ಒಟ್ಟು 200.

ಅಂಥದ್ದೇ ಸಿದ್ಧ ಕುರ್ತಾಕ್ಕೆ ಅಂಗಡಿಯಲ್ಲಿ 350 ಹೇಳಿದ್ದರು. ಹಾಗಾದರೆ ನನ್ನ ಶ್ರಮದ ಬೆಲೆ 150. ಹಿಡಿದ ಸಮಯ ಒಂಬತ್ತು ಗಂಟೆ ನಲವತ್ತು ನಿಮಿಷ. ಗಂಟೆಗೆ 15 ರೂಪಾಯಿ 50 ಪೈಸೆ. ಇದನ್ನು ಕೇಳಿ ಅಬ್ಬಾ ಬಹಳ ನಕ್ಕರು.

ನನಗೆ ಮಾತ್ರ ಇನ್ನೊಂದು ಕುತೂಹಲ ಬಂತು. ಅಂಥದ್ದೇ ಕುರ್ತಾವನ್ನು ಖಾಲಾ ಹೊಲಿಯುವಾಗ ಮೊಬೈಲಿನ ಗಡಿಯಾರ ಹಿಡಿದು ಕೂತೆ. ಅಳತೆ ತೆಗೆದು ಬರೆಯಲು 6 ನಿಮಿಷ, ಗುರುತು ಮತ್ತು ಕತ್ತರಿಗೆ 22, ಮಷಿನ್ ಮೇಲೆ 41, ತುರಪಾಯಿ ಕಾಜ ಗುಂಡಿಗೆ 28, ಇಸ್ತ್ರಿಗೆ 8. ಒಟ್ಟು 105 ನಿಮಿಷ. ಮಷಿನ್ ಓಡಿದ್ದು ಅದರಲ್ಲಿ 41 ನಿಮಿಷ ಮಾತ್ರ! ಗಿರಾಕಿ ಚೌಕಾಸಿ ಮಾಡುವಾಗ "ಮಷಿನ್ ಮ್ಯಾಗ ಒಂದ್ ತಾಸಿನ ಕೆಲ್ಸ ಅಕ್ಕಾ" ಎನ್ನುವುದನ್ನು ನಾನೇ ಕೇಳಿದ್ದೇನೆ. ಮಷಿನ್‌ನ ಸದ್ದು ಎಲ್ಲರಿಗೂ ಕೇಳಿಸುತ್ತದೆ, ಕತ್ತರಿಯದು ಯಾರಿಗೂ ಕೇಳಿಸುವುದಿಲ್ಲ. ಮಷಿನ್‌ನ ಖರ್ಚು ದಿನಕ್ಕೆ ಎರಡು ರೂಪಾಯಿ. ಉಳಿದ ಬೆಲೆಯೆಲ್ಲ ಕಣ್ಣಿನದು, ಕೈಯದು. ಬಟ್ಟೆ ಗಿರಾಕಿಯದಾದರೆ ಈ ಕುರ್ತಾಕ್ಕೆ ಖಾಲಾ ತೆಗೆದುಕೊಳ್ಳುವುದು 150. ದಾರ, ಗುಂಡಿ, ಬಕ್ರಂಗೆ 14 ಕಳೆದರೆ 136. ಗಂಟೆಗೆ ಸುಮಾರು 77 ರೂಪಾಯಿ 70 ಪೈಸೆ.

ಈ ಲೆಕ್ಕಕ್ಕೆ ಜೂನ್ ಕೊನೆಯಲ್ಲಿ ಕೆಲಸ ಬಂತು. ಒಂದು ಶಾಲೆಯ ಪರವಾಗಿ ಒಬ್ಬರು ಖಾಲಾ ಮನೆಗೆ ಬಂದರು. "ಅರವತ್ತು ಅಂಗಿ ಅವ ಅಕ್ಕಾ, ತೊಂಬತ್ತಕ್ಕ ಒಂದರಂಗ ಮಾಡ್ಕೊಡ್ರಿ" ಎಂದರು. ದಾರ, ಗುಂಡಿ, ಕಾಲರ್ ಬಕ್ರಂ, ಕಾಜ ಎಲ್ಲ ಖಾಲಾ ಅವರದೇ. ಹತ್ತು ದಿನದಲ್ಲಿ ಬೇಕು. ಒಟ್ಟು 5,400 ರೂಪಾಯಿ, ಕೇಳಲು ದೊಡ್ಡ ಮೊತ್ತ. ಆ ತಿಂಗಳು ಖಾಲಾ ಅವರ ಮಗನ ಐಟಿಐ ಶುಲ್ಕವನ್ನೂ ಕಟ್ಟಬೇಕಿತ್ತು. ಆ ಭಾನುವಾರ ನಾನು ಅಲ್ಲಿದ್ದೆ.

ಒಂದು ಅಂಗಿಗೆ ಹೊರಗಿನ ಖರ್ಚು 18, ಉಳಿಯುವುದು 72. ಒಂದೊಂದಾಗಿ ಹೊಲಿದರೆ 80 ನಿಮಿಷ, ಅಂದರೆ ಗಂಟೆಗೆ 54. ಆದರೆ ಆರು ಪದರ ಬಟ್ಟೆ ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸಿ, ಮೊದಲು ಎಲ್ಲ ಕಾಲರ್, ಆಮೇಲೆ ಎಲ್ಲ ತೋಳು ಎಂದು ಸಾಲಾಗಿ ಹೊಲಿದರೆ 64 ನಿಮಿಷಕ್ಕೆ ಇಳಿಯುತ್ತದೆ. ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆಯ ಉದಾಹರಣೆ ಕೊಟ್ಟ, ಹತ್ತು ಜನ ಕೆಲಸ ಹಂಚಿಕೊಂಡು ದಿನಕ್ಕೆ 48,000 ಗುಂಡುಸೂಜಿ ಮಾಡುತ್ತಾರೆ ಎಂದು. ಖಾಲಾ ಒಬ್ಬರೇ ಆದರೂ ಕೆಲಸವನ್ನು ಹಂಚಿಕೊಳ್ಳುತ್ತಾರೆ, ಸೋಮವಾರದ ಖಾಲಾ ಕಾಲರ್, ಮಂಗಳವಾರದ ಖಾಲಾ ತೋಳು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಪ್ರತಿ ಹೊಲಿಗೆಗೂ ಇಷ್ಟು ನಿಮಿಷ ಎಂದು ನಿಗದಿ ಮಾಡಿ ಅದರ ಮೇಲೆಯೇ ದರ ಹೇಳುತ್ತಾರೆ. ನಮ್ಮ ಕಲಬುರಗಿಯಲ್ಲಿ ಒಂದು ಕಾಲಕ್ಕೆ ಮೆಹಬೂಬ್ ಶಾಹಿ ಮಿಲ್ ಇತ್ತು. ಮಿಲ್ ಮುಚ್ಚಿದೆ, ಎಂಎಸ್‌ಕೆ ಮಿಲ್ ಎಂಬ ಹೆಸರು ಬಡಾವಣೆಗೆ ಉಳಿದಿದೆ. 2023ರಲ್ಲಿ ಪಿಎಂ ಮಿತ್ರ ಜವಳಿ ಪಾರ್ಕ್‌ಗೆ ಆಯ್ಕೆಯಾದ ಏಳು ಸ್ಥಳಗಳಲ್ಲಿ ಕಲಬುರಗಿಯೂ ಒಂದು. ಅಲ್ಲಿ ಕೆಲಸಕ್ಕೆ ಹೋಗುವವರಿಗೆ ಈ ನಿಮಿಷದ ಲೆಕ್ಕ ಖಂಡಿತ ಎದುರಾಗುತ್ತದೆ.

ಸರಿ, 64 ನಿಮಿಷದಂತೆ ಗಂಟೆಗೆ 67 ರೂಪಾಯಿ 50 ಪೈಸೆ. ಇಲ್ಲಿ ನಮ್ಮ ಅರ್ಥಶಾಸ್ತ್ರದ ಅವಕಾಶ ವೆಚ್ಚ ಬರುತ್ತದೆ: ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಅತ್ಯುತ್ತಮ ಪರ್ಯಾಯದ ಬೆಲೆ. ಅಸ್ತರ್ ಹಾಕಿದ ಜಂಪರ್ ಹೊಲಿದರೆ ಖಾಲಾಗೆ ಗಂಟೆಗೆ 90 ಉಳಿಯುತ್ತದೆ. ಅರವತ್ತು ಅಂಗಿಗೆ ಬೇಕಾದ 64 ಗಂಟೆಯಲ್ಲಿ ಜಂಪರ್ ಹೊಲಿದರೆ 5,760, ಅಂಗಿಯಿಂದ 4,320. ಪುಸ್ತಕದ ಪ್ರಕಾರ ಅಂಗಿ ಬೇಡ. ಪುಸ್ತಕದ ವ್ಯಾಖ್ಯೆಗೆ ಖಾಲಾ ಒಂದು ಷರತ್ತು ಸೇರಿಸಿದರು. "ಆಷಾಢದಲ್ಲಿ ಮದುವೆಯೇ ಇಲ್ಲ. ಜಂಪರ್ ಹೊಲಿಸುವವರು ಯಾರು?" ಪರ್ಯಾಯ ಕಾಗದದ ಮೇಲಿದ್ದರೆ ಸಾಲದು, ಬಾಗಿಲಿಗೆ ಬರಬೇಕು. ಆಷಾಢದಲ್ಲಿ ಅವರ ಅವಕಾಶ ವೆಚ್ಚ ಸೊನ್ನೆಯ ಹತ್ತಿರ, ಶ್ರಾವಣದಲ್ಲಿ ಮತ್ತೆ 90. ಪರೀಕ್ಷೆಯಲ್ಲಿ ಈ ಉದಾಹರಣೆ ಬರೆಯಬೇಕೆಂದಿದ್ದೇನೆ.

ಹಾಗಿದ್ದರೂ ಅವರು ತೊಂಬತ್ತಕ್ಕೆ ಒಪ್ಪಲಿಲ್ಲ. ದಿನಕ್ಕೆ ಐದು ಗಂಟೆ ಕೂತರೆ ಅರವತ್ತು ಅಂಗಿಗೆ ಹದಿಮೂರು ದಿನ ಬೇಕು, ಹತ್ತರಲ್ಲಿ ಆಗದು ಎಂಬುದನ್ನು ನಾನು ಇನ್ನೂ ಗುಣಿಸುತ್ತಿದ್ದಾಗಲೇ ಅವರು ಹೇಳಿ ಮುಗಿಸಿದ್ದರು. "ನಲವತ್ತ ಆಗ್ತಾವ್ರಿ. ನೂರಕ್ಕ ಕಮ್ಮಿ ಆಗಂಗಿಲ್ರಿ." ಬಂದವರು ಎದ್ದು ಹೋದರು. ಅಮ್ಮಿ ಫೋನಿನಲ್ಲಿ "ಒಪ್ಪಿಕೊಳ್ಳಬೇಕಿತ್ತು, ಶುಲ್ಕ ಕಟ್ಟಬೇಕಲ್ಲ" ಎಂದರು. ಖಾಲಾ ಏನೂ ಹೇಳಲಿಲ್ಲ. ಆ ಸಂಜೆ ನಾನು ಮತ್ತೆ ಲೆಕ್ಕ ಹಾಕಿದೆ. ನೂರರಲ್ಲಿ 18 ಕಳೆದರೆ 82, 64 ನಿಮಿಷಕ್ಕೆ. ಗಂಟೆಗೆ ಸುಮಾರು 77. ಕುರ್ತಾದಲ್ಲಿ ಅವರಿಗೆ ಉಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ಗಡಿಯಾರ ನೋಡದೆ, ಪೆನ್ನು ಹಿಡಿಯದೆ ಅವರು ತಮ್ಮ ದರವನ್ನು ಒಂದು ರೂಪಾಯಿಯ ಅಂತರದಲ್ಲಿ ಹಿಡಿದಿದ್ದರು.

ಬುಧವಾರ ಆ ಮನುಷ್ಯ ನಲವತ್ತು ಅಂಗಿಯ ಬಟ್ಟೆಯೊಂದಿಗೆ ಮರಳಿ ಬಂದರಂತೆ. ಕಾಜ ಹಾಕಿಸುವ ಜವಾಬ್ದಾರಿ ನನ್ನದಾಯಿತು. ಕಲಬುರಗಿಯಲ್ಲಿ ಕಾಜದ ಮಷಿನ್ ಇರುವ ಅಂಗಡಿಗಳಿವೆ. ಮುಂದಿನ ಎರಡು ಭಾನುವಾರ ನಾನು ಚೀಲದ ತುಂಬ ಅಂಗಿ ಹೊತ್ತು ಬಸ್ಸಿನಲ್ಲಿ ಬಂದೆ. ಒಂದು ಅಂಗಿಗೆ ಏಳು ಕಾಜ, ನಲವತ್ತಕ್ಕೆ 280. ಚೀಲದ ಮೇಲುಗಡೆ ಅಬ್ಬಾಗೆಂದು ಕೊಂಡ ಕಮಲಾಪುರದ ಕೆಂಪು ಬಾಳೆಹಣ್ಣು. ಬಿಳಿ ಅಂಗಿಗೆ ತಾಗದಂತೆ ಅದನ್ನು ಮಡಿಲಲ್ಲೇ ಹಿಡಿದು ಕೂರಬೇಕಾಯಿತು.

ಮನೆಯಲ್ಲಿ ಹೊಲಿಗೆ ಮಾಡುವವರಿರುವ ಸ್ನೇಹಿತರಿಗೆ ಒಂದು ಮಾಹಿತಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಮೊದಲ ಹಂತದಲ್ಲಿ ಶೇ. 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ, ವಯಸ್ಸು 18 ತುಂಬಿರಬೇಕು. ಖಾಲಾ ಅವರ ಕಾಗದಪತ್ರ ನಾನೇ ಜೋಡಿಸುತ್ತಿದ್ದೇನೆ.

ಅವರ ಅಳತೆ ಪುಸ್ತಕದಲ್ಲಿ ಈಗ ಒಂದು ಹೊಸ ಅಕ್ಷರ ಸೇರಿದೆ. ಲಾಮ್, ಸೀನ್, ಗಾಫ್ ಆದ ಮೇಲೆ ಕೊನೆಯಲ್ಲಿ ವಾವ್. ವಾವ್ ಎಂದರೆ ವಕ್ತ್, ಸಮಯ. ಕಳೆದ ವಾರ ಪಕ್ಕದ ಮನೆಯ ಅಕ್ಕನ ಜಂಪರ್ ಎದುರು ಖಾಲಾ ಬರೆದಿದ್ದರು: ವಾವ್ 115.